ಮಾವನ ಲ್ಯಾಕ್ಟೋಮೀಟರಿಗೆ ಸಿಕ್ಕ ಶಾಲೆಗಳು

ನನ್ನ ಸೋದರಮಾವನನ್ನು ನೀವು ಇನ್ನೂ ಭೇಟಿಯಾಗಿಲ್ಲವೆಂದರೆ ನಿಮ್ಮ ಯೋಗ್ಯತೆ ಎಷ್ಟೆಂದು ನಿಮಗೆ ಗೊತ್ತಿಲ್ಲ ಎಂದೇ ಅರ್ಥ. ಬೇಸರ ಮಾಡಿಕೊಳ್ಳಬೇಡಿ. ಡಿಗ್ರಿ, ಸೈಟು, ಕಾರು ಇವೆಲ್ಲ ನಿಮಗೆ ನೀವೇ ಕೊಟ್ಟುಕೊಂಡ ಮಾರ್ಕುಗಳು. ಮಾವ ಕೊಡುವುದು ಫ್ಯಾಟು! ಎದುರಿಗೆ ಬಂದವರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, ಕಣ್ಣು ಕಿರಿದು ಮಾಡಿ, "ಮೂರು ಪಾಯಿಂಟ್ ಎರಡು" ಎಂದುಬಿಟ್ಟರೆ ಮುಗಿಯಿತು. ಅದರ ಮೇಲೆ ಅಪೀಲು ಇಲ್ಲ.

ಹೊಳೆನರಸೀಪುರದಿಂದ ಹಳೇಕೋಟೆ ಕಡೆಗೆ ಹೋಗುವ ಬಸ್ಸು ಇಳಿದು ಒಳಕ್ಕೆ ನಡೆದರೆ ನಮ್ಮೂರು. ಅಲ್ಲಿನ ಹಾಲಿನ ಡೈರಿಯಲ್ಲಿ ಮಾವ ಮೂವತ್ತು ವರ್ಷ ಟೆಸ್ಟರ್ ಆಗಿದ್ದರು. ಊರಿನವರೆಲ್ಲ ಬೆಳಗ್ಗೆ ಸಂಜೆ ಕ್ಯಾನು, ಚೊಂಬು, ಬಕೆಟ್ಟು ಹಿಡಿದು ಸಾಲು ನಿಂತರೆ, ಮಾವ ಅವರ ಹಾಲಿಗೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆಯನ್ನು ಇಳಿಬಿಟ್ಟು, ಅದು ಎಷ್ಟು ಮುಳುಗಿತು ಎಷ್ಟು ತೇಲಿತು ಎಂದು ನೋಡಿ, ಒಳಗೆ ಎಷ್ಟು ನೀರಿದೆ ಎಂದು ಹೇಳುತ್ತಿದ್ದರು. ಹಾಲಿನ ಜಿಡ್ಡು, ಅಂದರೆ ಫ್ಯಾಟ್, ನೋಡಲು ಬೇರೆ ಯಂತ್ರವಿತ್ತು; ಹಸುವಿನ ಹಾಲಿಗೆ ಮೂರೂವರೆ ಬಂದರೆ ಸರಿ, ನಾಲ್ಕು ದಾಟಿದರೆ ಅಪರೂಪ. ಕೊನೆಕೊನೆಗೆ ಎರಡೂ ಬೇಡವಾದವು. ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ, ತಂದವನ ಮುಖ ನೋಡಿ ಹೇಳಿಬಿಡುತ್ತಿದ್ದರು. ನಿವೃತ್ತರಾದ ದಿನ ಶಾಲು ಹೊದಿಸಿ "ಏನು ಬೇಕು ಕೇಳಿ" ಎಂದಾಗ ಅವರು ಕೇಳಿದ್ದು ಆ ಹಳೇ ಲ್ಯಾಕ್ಟೋಮೀಟರನ್ನು. ಈಗಲೂ ಅದು ಅವರ ಬಿಳಿ ಅಂಗಿಯ ಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಬಟ್ಟೆ ಸುತ್ತಿಕೊಂಡು ಕೂತಿರುತ್ತದೆ. ಮದುವೆ ಮನೆಯ ಪಾಯಸವೂ ಅದರಿಂದ ತಪ್ಪಿಸಿಕೊಂಡಿಲ್ಲ.

ನನ್ನನ್ನು ನೋಡಲು ಗಂಡಿನ ಕಡೆಯವರು ಶಾಂತಿಗ್ರಾಮದ ನಮ್ಮ ಮನೆಗೆ ಬಂದಾಗ, ಎಲ್ಲರೂ ಉಪ್ಪಿಟ್ಟು ತಿನ್ನುತ್ತಾ ಗಂಭೀರವಾಗಿ ಕೂತಿದ್ದರು. ಗಂಡು ಮಾವನ ಊರಿನವನೇ. ಮಾವ ಅವನನ್ನು ಹೊಸದಾಗಿ ನೋಡುವವರಂತೆ ಒಂದು ನಿಮಿಷ ನೋಡಿ, ಎಲ್ಲರಿಗೂ ಕೇಳುವಂತೆ, "ಮೂರೂಮುಕ್ಕಾಲು. ಒಪ್ಕಳವ್ವ, ನೀರು ಬೆರೆತಿಲ್ಲ" ಎಂದರು. ನನ್ನ ಗಂಡನಿಗೆ ಅದು ಹೊಗಳಿಕೆಯೋ ಅವಮಾನವೋ ಎಂದು ಮದುವೆಯಾಗಿ ಎಂಟು ವರ್ಷವಾದರೂ ಗೊತ್ತಾಗಿಲ್ಲ. ನನಗೂ ಪೂರ್ತಿ ಗೊತ್ತಾಗಿಲ್ಲ ಅನ್ನಿ!

ಒಮ್ಮೆ ಊರಿನ ಯಜಮಾನರೊಬ್ಬರು ಕೆರಳಿ ಕೇಳಿದರು: "ಎಮ್ಮೆ ಹಾಲು ಏಳು ಬತ್ತದೆ. ನಂಗೆ ಮಾತ್ರ ಮೂರು ಅಂತೀಯಲ್ಲಪ್ಪಾ, ಎಂಗೆ?"

ಮಾವ ಶಾಂತವಾಗಿ, "ನಾನು ಎಮ್ಮೆ ಅಂತ ಒಪ್ಕಳಿ ಯಜಮಾನ್ರೇ, ಈಗ್ಲೇ ಏಳು ಆಕ್ತೀನಿ" ಎಂದರು. ಆಮೇಲೆ ಯಾರೂ ಎಮ್ಮೆಯ ವಿಷಯ ಎತ್ತಲಿಲ್ಲ.

ಇಷ್ಟೆಲ್ಲ ಮೀಸೆ ತಿರುವುವ ಮನುಷ್ಯ, ತಮ್ಮ ಮನೆಯ ಹಾಲನ್ನು ಮಾತ್ರ ಮೂವತ್ತು ವರ್ಷದಲ್ಲಿ ಒಂದು ದಿನವೂ ಟೆಸ್ಟ್ ಮಾಡಲಿಲ್ಲ. "ನಮ್ಮನೆ ಹಾಲು ನಾನು ಟೆಸ್ಟ್ ಮಾಡಕಿಲ್ಲ. ಕೈ ತಾನಾಗೇ ಮ್ಯಾಕ್ ಓಯ್ತದೆ" ಎನ್ನುವುದು ಅವರ ಶಾಸನ. ಹಾಗಾದರೆ ಯಾರು ಮಾಡುತ್ತಿದ್ದರು? ಬದುವಿನ ಜಗಳದಲ್ಲಿ ಮಾವನ ಜೊತೆ ಮಾತು ಬಿಟ್ಟಿದ್ದ ಪಕ್ಕದ ಹೊಲದವನು! ಇಡೀ ಊರಿನಲ್ಲಿ ತಮ್ಮನ್ನು ಕಂಡರೆ ಆಗದವನನ್ನೇ ಹುಡುಕಿ, ಕರೆಸಿ, ಅವನಿಗೆ ಲ್ಯಾಕ್ಟೋಮೀಟರ್ ಓದುವುದನ್ನು ಕಲಿಸಿ, ತಮ್ಮ ಮನೆಯ ಹಾಲಿಗೆ ಅವನನ್ನು ನೇಮಿಸಿದ್ದರು. ಅವನು ದಿನವೂ ಎರಡು ಗೆರೆ ಕಮ್ಮಿ ಓದುತ್ತಿದ್ದ. ಮಾವ ತುಟಿ ಎರಡು ಮಾಡದೆ ಬರೆದುಕೊಳ್ಳುತ್ತಿದ್ದರು. ಮಾತು ಬಿಟ್ಟವರು ದಿನಕ್ಕೆ ಎರಡು ಸಲ ಹಾಗೆ ಸೇರುತ್ತಿದ್ದರು, ಒಬ್ಬರನ್ನೊಬ್ಬರು ನೋಡದೆ, ಹಾಲನ್ನು ಮಾತ್ರ ನೋಡುತ್ತಾ.

ಊರಿನ ಹೆಂಗಸರು ನಗಲಿಕ್ಕೆಂದೇ ಕೇಳುತ್ತಿದ್ದರು: "ಅಣ್ಣಾ, ನಿನ್ ಎಂಡ್ರು ಎಷ್ಟು ಫ್ಯಾಟು?"

ಮಾವ ತಲೆ ತಗ್ಗಿಸಿ, "ನಮ್ಮನೆ ಹಾಲು ನಾನು ಟೆಸ್ಟ್ ಮಾಡಕಿಲ್ಲ ಅಂತ ಹೇಳಿಲ್ವಾ?" ಎನ್ನುತ್ತಿದ್ದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಅತ್ತೆ ಅರಕಲಗೂಡಿನ ಕಡೆಯವರು. ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಶಾಲೆಗೂ ಡೈರಿಗೂ ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೆ. ಮಧ್ಯಾಹ್ನ ಅತ್ತೆ ಗೋಡೆಯ ಮೇಲಿಂದ ಒಂದು ತಟ್ಟೆ ದಾಟಿಸಿದರೆ ಮಾವ ಡೈರಿಯ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಿದ್ದರು. ಉಂಡು ಬೆರಳು ನೆಕ್ಕಿ, "ಮನೆ ಸಾರು ಅಂದ್ರೆ ಮನೆ ಸಾರು! ನಿಮ್ಮ ಸರ್ಕಾರದ ಸಾರು ಇದರ ಮುಂದೆ ಯಾವ ಮೂಲೆಗೆ?" ಎಂದು ಗೋಡೆಯಾಚೆಗೆ ಕೂಗಿ ಹೇಳುತ್ತಿದ್ದರು. ಅತ್ತೆ ಎರಡು ವರ್ಷದ ಹಿಂದೆ ತೀರಿಕೊಂಡರು. ಅಲ್ಲಿಂದೀಚೆಗೆ ಮಾವನ ಫ್ಯಾಟು ಹಂಚಿಕೆ ಇನ್ನೂ ಜೋರಾಯಿತು. ಕೆಲಸವಿಲ್ಲದ ಬಾಯಿ ಎಂದು ಊರು ಅಂದುಕೊಂಡಿತು, ನಾನೂ ಅಂದುಕೊಂಡೆ.

ಈ ವರ್ಷ ನನ್ನ ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕಾಗಿ ಬಂತು. ಊರಿನ ಹೆಚ್ಚಿನ ಮಕ್ಕಳು ಹಳದಿ ವ್ಯಾನು ಹತ್ತಿ ಹೊಳೆನರಸೀಪುರದ ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಾರೆ. ನನ್ನ ಮಗಳಿಗೆ ಆ ಭಾಗ್ಯವಿಲ್ಲ. ಮುಚ್ಚಿದ ಗಾಡಿಯಲ್ಲಿ ಕೂತರೆ ಮೊದಲ ತಿರುವಿನಲ್ಲೇ ವಾಂತಿ! ಹೋದ ವರ್ಷ ಯುಕೆಜಿಗೆಂದು ಒಂದು ವಾರ ಪ್ರಯೋಗ ಮಾಡಿ ನೋಡಿದ್ದೆವು. ಆರನೇ ದಿನ ವ್ಯಾನಿನ ಡ್ರೈವರು ಮನೆಗೇ ಬಂದು ಕೈ ಮುಗಿದ. ಹಾಗಾಗಿ ಮಾವನ ಮೊಪೆಡ್ಡು ಹೋಗಿ ಬರಬಹುದಾದ ದೂರದ ಸರ್ಕಾರಿ ಶಾಲೆಗಳೇ ಗತಿ. ಅಂಥವು ನಾಲ್ಕು: ನಮ್ಮೂರಿನದು, ಕೆರೆಯಾಚೆ ಊರಿನದು, ರಸ್ತೆ ಬದಿಯದು, ಮತ್ತು ಹೋಬಳಿಯ ದೊಡ್ಡ ಶಾಲೆ. ಊರುಗಳ ಹೆಸರು ಕೇಳಬೇಡಿ. ನಾನು ಇನ್ನೂ ಅದೇ ದಾರಿಯಲ್ಲಿ ಓಡಾಡಬೇಕು.

ವಿಷಯ ಇಷ್ಟೇ ಆಗಿದ್ದರೆ ಸುಲಭವಿತ್ತು. ಬೇಸಿಗೆ ರಜೆಗೆ ಇನ್ನೂ ಒಂದು ತಿಂಗಳಿರುವಾಗ ಒಂದು ಸಂಜೆ ನಮ್ಮೂರ ಶಾಲೆಯ ಮೇಡಂ ಮನೆಗೆ ಬಂದರು. ಕೊಟ್ಟ ಕಾಫಿ ಕುಡಿಯಲಿಲ್ಲ. "ನಮ್ಮಲ್ಲಿ ಈಗ ಉಳಿದಿರೋದು ನಾಲ್ಕು ಮಕ್ಕಳು. ಈ ಸಲ ಒಂದನೇ ಕ್ಲಾಸಿಗೆ ಒಂದಾದ್ರೂ ಮಗು ಸೇರಲಿಲ್ಲ ಅಂದ್ರೆ ಶಾಲೆ ಮುಚ್ಚಿ ಪಕ್ಕದೂರಿಗೆ ಸೇರಿಸ್ತಾರಂತೆ. ನಿಮ್ಮ ಮಗಳನ್ನೇ ಕಳಿಸಿ ಅಂತ ಬಲವಂತ ಮಾಡೋಕೆ ಬಂದಿಲ್ಲ. ಊರಲ್ಲಿ ಆ ವಯಸ್ಸಿನ ಮಗು ಇನ್ನೊಂದಿಲ್ಲ, ಅಷ್ಟೇ" ಎಂದರು. ಇದಕ್ಕಿಂತ ಬಲವಂತ ಇನ್ನು ಹೇಗಿರುತ್ತದೆ ನೀವೇ ಹೇಳಿ!

ಮಾವ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. ಮೇಡಂ ಹೋದ ಮೇಲೆ, "ಮಗೀನ ಬಾಳು ಇದು. ಕರುಣೆ ಗಿರುಣೆ ಅಂತ ಸೇರ್ಸಬ್ಯಾಡ. ಟೆಸ್ಟ್ ಮಾಡಿ ಸೇರ್ಸು" ಎಂದು ಎದ್ದರು. ಟೆಸ್ಟರ್ ಯಾರೆಂದು ಬೇರೆ ಹೇಳಬೇಕೆ?

ಮಾರನೆಯ ದಿನವೇ ಕೆರೆಯಾಚೆಯ ಶಾಲೆಗೆ ದಂಡಯಾತ್ರೆ. ನಾನು ಹೊಳೆನರಸೀಪುರದ ವಿಮಾ ಕಚೇರಿಯಲ್ಲಿ ಗುಮಾಸ್ತೆ. ಮೂರು ದಿನ ರಜೆ ಹಾಕಿ ಮೊಪೆಡ್ಡಿನ ಹಿಂದೆ ಕೂತೆ. ಮಾವ ಶಾಲೆಯ ಗೇಟು ದಾಟಿದವರು ತರಗತಿಗೂ ಹೋಗಲಿಲ್ಲ, ಆಫೀಸಿಗೂ ಹೋಗಲಿಲ್ಲ. ನೆಟ್ಟಗೆ ಹಿಂದಕ್ಕೆ ಹೋಗಿ ಮಕ್ಕಳ ಶೌಚಾಲಯದ ಬಾಗಿಲು ತೆಗೆದು, ಕತ್ತು ಒಳಗೆ ಹಾಕಿ, ದೀರ್ಘವಾಗಿ ಉಸಿರೆಳೆದರು!

"ಮಾವ, ಏನಿದು ಅಸಹ್ಯ?"

"ಮೊದ್ಲು ಕ್ಯಾನ್ ಮೂಸು, ಆಮ್ಯಾಕೆ ಹಾಲು ನೋಡು. ಕ್ಯಾನೇ ನಾರ್ತಿದ್ರೆ ಹಾಲು ಎಷ್ಟೊಳ್ಳೇದಾದ್ರೇನು?"

ಬಿಳಿ ಅಂಗಿ, ಜೇಬಿನಲ್ಲಿ ಎಂಥದೋ ಉಪಕರಣ, ಬಂದವರು ಮೊದಲು ಶೌಚಾಲಯ ನೋಡಿದರು ಎಂದ ಮೇಲೆ ಅಲ್ಲಿನ ಮೇಷ್ಟ್ರು ಏನು ತಿಳಿದುಕೊಳ್ಳಬೇಕು? ಮೇಲಿನ ಅಧಿಕಾರಿಗಳು ಬಂದರು ಎಂದು ಓಡಿಬಂದು ಕುರ್ಚಿ ಹಾಕಿ, ಎಳನೀರು ತರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರಾರ್ಥನೆ ಹಾಡಿಸಿದರು. ಪ್ರಾರ್ಥನೆ ಬೆಳಗ್ಗೆ ಒಮ್ಮೆ ಆಗಿತ್ತಂತೆ. ಪಾಪ, ಮಕ್ಕಳು ಇನ್ನೊಮ್ಮೆ ಹಾಡಿದವು. ಮಾವ ಎಳನೀರು ಮುಗಿಸಿ, ಮಕ್ಕಳಿಗೆ ಕೊಡುವ ಹಾಲಿನ ಪಾತ್ರೆ ತರಿಸಿ, ಲ್ಯಾಕ್ಟೋಮೀಟರ್ ಇಳಿಬಿಟ್ಟರು. ಅದು ಬುಳುಕ್ಕನೆ ತಳ ಸೇರಿತು.

"ಸಾ, ಅದು ಪುಡಿ ಕಲಸಿದ ಹಾಲು ಸಾ," ಮೇಷ್ಟ್ರು ಬೆವರೊರೆಸಿಕೊಂಡರು.

"ಪುಡಿ ಎಲ್ಲಿ ಕಲಸಿದ್ದೀರಾ ತೋರ್ಸಿ. ನಂಗೆ ನೀರು ಮಾತ್ರ ಕಾಣ್ತಾದೆ."

"ನಿಮ್ದು ಯಾವ ಡಿಪಾರ್ಟ್‌ಮೆಂಟು ಸಾ?"

"ನಾನಾ? ನಾನು ಈ ಕೂಸಿನ ಸೋದರಮಾವ" ಎಂದು ಮಾವ ನನ್ನ ಕಡೆ ಬೆರಳು ತೋರಿಸಿದರು. ಕೊಟ್ಟ ಎಳನೀರನ್ನು ವಾಪಸ್ಸು ಕೇಳಲು ಬರುವುದಿಲ್ಲವಲ್ಲ, ಮೇಷ್ಟ್ರು ನಮ್ಮನ್ನು ಬರೀ ನೋಟದಲ್ಲೇ ಗೇಟಿನವರೆಗೆ ಬಿಟ್ಟುಬಂದರು. ಮೂರು ಪಾಯಿಂಟ್ ಒಂದು.

ರಸ್ತೆ ಬದಿಯ ಶಾಲೆಗೆ ಬೆಳಗ್ಗೆಯೊಮ್ಮೆ, ಮಧ್ಯಾಹ್ನವೊಮ್ಮೆ ಹೋಗಬೇಕಾಯಿತು. ಬೆಳಗಿನ ಹಾಲು ಬೇರೆ, ಸಂಜೆಯ ಹಾಲು ಬೇರೆ. ಒಂದೇ ಹೊತ್ತು ನೋಡಿದರೆ ಮೋಸ ಹೋಗುತ್ತೀವಿ ಎಂದು ಮಾವನ ಅನುಭವ. ಮೂರನೇ ತರಗತಿಯ ಒಬ್ಬ ಹುಡುಗಿಯನ್ನು ನಿಲ್ಲಿಸಿ ಕೇಳಿದರು: "ಒಂದು ಕ್ಯಾನಿಗೆ ನಲವತ್ತು ಲೀಟ್ರು. ಏಳು ಕ್ಯಾನಿಗೆ?"

"ಇನ್ನೂರ ಎಂಬತ್ತು ಸಾ."

"ಭಲೇ! ನೀರು ಬೆರೆಸಿದ್ರೆ?"

"ಇನ್ನೂ ಜಾಸ್ತಿ ಆಯ್ತದೆ ಸಾ!"

ಮಾವನಿಗೆ ನಗು ತಡೆಯಲಾಗಲಿಲ್ಲ. "ಈ ಹೆಣ್ಣು ಡೈರಿ ಅಧ್ಯಕ್ಷೆ ಆಗೋದು ಗ್ಯಾರಂಟಿ ಕಣವ್ವ" ಎಂದರು. ಆದರೆ ಮಧ್ಯಾಹ್ನದ ಊಟಕ್ಕೆ ಕೂತಾಗ ಮುಖ ಹುಳ್ಳಗಾಯಿತು. ಒಂದು ತುತ್ತು ಬಾಯಿಗಿಟ್ಟು, "ಇದು ಸಾರಾ? ನಾನು ದಿನಾ ಉಣ್ತಿದ್ದ ಮನೆ ಸಾರು ಇವ್ರಿಗೆ ಒಂದು ದಿನ ಉಣ್ಣಿಸ್ಬೇಕಿತ್ತು" ಎಂದರು. ಸಾರು ಚೆನ್ನಾಗಿಯೇ ಇತ್ತು. ನಾನು ಎರಡು ಸಲ ಹಾಕಿಸಿಕೊಂಡಿದ್ದೆ.

ಉಳಿದದ್ದು ಹೋಬಳಿಯ ದೊಡ್ಡ ಶಾಲೆ. ಮೈದಾನ, ಗ್ರಂಥಾಲಯ, ಸಾಲಾಗಿ ಕಂಪ್ಯೂಟರು, ತರಗತಿಗೊಬ್ಬರು ಟೀಚರು. ಶೌಚಾಲಯದಲ್ಲಿ ಉಸಿರೆಳೆದು ಹೊರಬಂದ ಮಾವನ ಮುಖದಲ್ಲಿ ನಿರಾಸೆಯಂಥದ್ದೇನೋ ಕಂಡಿತು. ಹುಡುಕಿ ಹುಡುಕಿ ನೋಡಿದರು. ಬೆಂಚಿನ ಕೆಳಗೆ ಬಗ್ಗಿ ನೋಡಿದರು. ತಪ್ಪು ಸಿಗಲಿಲ್ಲ. ಹೆಡ್‌ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಯಜಮಾನ್ರೇ, ಶಾಲೆ ಅಳೆಯೋಕೆ ಬಂದಿದೀರಲ್ಲ, ತಾವು ಎಷ್ಟು ಓದಿದೀರಿ?" ಎಂದು ಚುಚ್ಚಿದರು.

"ನಾಕ್ನೇ ಕ್ಲಾಸು ಸಾ."

"ನಾಲ್ಕನೇ ಕ್ಲಾಸು ಓದಿ ಸ್ಕೂಲು ಟೆಸ್ಟ್ ಮಾಡೋದೇ?"

"ಹಾಲು ಟೆಸ್ಟ್ ಮಾಡೋಕೆ ಹಸ ಆಗ್ಬೇಕಾ ಸಾ?"

ಹೆಡ್‌ಮೇಷ್ಟ್ರು ಗಹಗಹಿಸಿ ನಕ್ಕು ಮಾವನಿಗೆ ಕೈ ಕೊಟ್ಟರು. ನಗುವ ಹೆಡ್‌ಮೇಷ್ಟ್ರು! ಅದೂ ಒಂದು ಪ್ಲಸ್ ಪಾಯಿಂಟ್. ಬರುವಾಗ ಮಾವ ಮೊಪೆಡ್ಡನ್ನು ನಿಧಾನವಾಗಿ ಓಡಿಸಿದರು. ಕೆರೆ ಏರಿ ಹತ್ತಿರ ಬಂದಾಗ, ತಮಗೇ ಹೇಳಿಕೊಳ್ಳುವಂತೆ, "ನಾಕು ಪಾಯಿಂಟ್ ಎರಡು" ಎಂದರು. ಮನುಷ್ಯರಿಗಾಗಲಿ ಸಂಸ್ಥೆಗಾಗಲಿ ಮಾವ ಅಷ್ಟು ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದ ಪಟ್ಟಿ ನನ್ನ ಕೈಗೆ ಬಂತು. ಮೂರು ಶಾಲೆಗಳ ಮುಂದೆ ಅಂಕಿ. ನಮ್ಮೂರ ಶಾಲೆಯ ಮುಂದೆ ಖಾಲಿ.

"ಮಾವ, ನಮ್ಮೂರಿನದು?"

"ಅಲ್ಲಿಗೆ ಓಗಿಲ್ಲ."

"ಡೈರಿ ಗೋಡೆಗೆ ಅಂಟಿಕೊಂಡಿರೋ ಶಾಲೆಗೆ ಹೋಗಿಲ್ವಾ? ಎಲ್ಲಾ ಊರು ಸುತ್ತಿ ಬಂದ್ರಿ!"

ಮಾವ ಲ್ಯಾಕ್ಟೋಮೀಟರನ್ನು ಜೇಬಿನಿಂದ ತೆಗೆದು, ಒರೆಸಿ, ಮತ್ತೆ ಒರೆಸಿದರು. "ನಿಮ್ಮತ್ತೆ ಓದ್ಮ್ಯಾಲೆ ಆ ಗೇಟು ದಾಟಿಲ್ಲ ಕಣವ್ವ. ಈಗ ಓದ್ರೆ, ಅಲ್ಲಿ ಏನಿದ್ರೂ ಏನಿಲ್ದಿದ್ರೂ ಐದು ಅಂದ್ಬುಡ್ತೀನಿ. ಮಗೀನ ವಿಷ್ಯದಲ್ಲಿ ಸುಳ್ಳು ರೀಡಿಂಗ್ ಕೊಡಾಕಾಯ್ತದಾ? ಬ್ಯಾರೆ ಮೂರ್ರಲ್ಲಿ ಏನಾರ ಉಳುಕು ಸಿಕ್ರೆ ಸಾಕಪ್ಪ ಅಂತ ಓದೆ. ಆ ದೊಡ್ಡಿಸ್ಕೂಲ್ನಲ್ಲಿ ಏನೂ ಸಿಕ್ಲಿಲ್ಲ. ಸಿಕ್ದಿದ್ರೆ ಸಿಕ್ಲಿಲ್ಲ ಅಂತ್ಲೇ ಬರೀಬೇಕು." ಆಮೇಲೆ ಹಾಳೆಯನ್ನು ನನ್ನ ಕಡೆ ಇನ್ನಷ್ಟು ನೂಕಿದರು. "ನಮ್ಮನೆ ಹಾಲು ಬ್ಯಾರೇರು ಟೆಸ್ಟ್ ಮಾಡ್ಬೇಕು. ನೀನು ಓಗಿ ನೋಡ್ಕಂಡು ಬಾ. ನಾಕು ಪಾಯಿಂಟ್ ಎರಡಕ್ಕಿಂತ ಕಮ್ಮಿ ಇದ್ರೆ ದೊಡ್ಡಿಸ್ಕೂಲು. ದಿನಾ ನಾನೇ ಬುಟ್ಟು ಬತ್ತೀನಿ."

ಆ ಶನಿವಾರ ಬೆಳಗ್ಗೆ ಹೋದೆ. ಗುರುವಿನ ಕ್ರಮದಂತೆ ಮೊದಲು ಕ್ಯಾನು ಮೂಸಿದೆ. ಫಿನಾಯಿಲು ವಾಸನೆ. ಮೇಡಂ ಕೂಡ ಆ ಶೌಚಾಲಯವನ್ನೇ ಬಳಸುತ್ತಾರೆ, ಸ್ವಚ್ಛವಿರದೆ ಇನ್ನೇನು? ಆಟದ ಬಯಲಿನಲ್ಲಿ ಯಾರೋ ಹುಲ್ಲಿನ ಮೆದೆ ಒಟ್ಟಿದ್ದರು. ಒಂದು ಕಂಪ್ಯೂಟರಿಗೆ ಹೂವಿನ ಚಿತ್ರದ ಮೇಜುಬಟ್ಟೆ ಹೊದಿಸಿತ್ತು. ಅದಕ್ಕೆ ಪ್ರತಿ ಆಯುಧಪೂಜೆಗೆ ಕುಂಕುಮ ಬೀಳುತ್ತದೆ, ಕರೆಂಟು ಬಿದ್ದಿದ್ದು ಯಾರಿಗೂ ನೆನಪಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ಮಕ್ಕಳು, ಒಂದರಿಂದ ನಾಲ್ಕರವರೆಗೆ ತರಗತಿಗೊಬ್ಬರು. ಮೇಡಂ ನಾಲ್ಕನೆಯವನಿಗೆ ಕೇಳಿದ ಲೆಕ್ಕಕ್ಕೆ ಎರಡನೆಯವಳು ಪಿಸುಮಾತಿನಲ್ಲಿ ಉತ್ತರ ಹೇಳಿಕೊಡುತ್ತಿದ್ದಳು. ಮೂರನೆಯವನು ಪುಸ್ತಕದ ಮೇಲೆ ತಲೆಯಿಟ್ಟಾಗ ಮೇಡಂ ಪಾಠ ನಿಲ್ಲಿಸಿ, "ಯಾಕೋ, ರಾತ್ರಿ ನಿದ್ದೆ ಮಾಡ್ಲಿಲ್ವಾ? ಅಮ್ಮಂಗೆ ಜ್ವರ ಬಿಟ್ತಾ?" ಎಂದು ಕೇಳಿದರು. ನಾನು ಮನಸ್ಸಿನಲ್ಲೇ ಅಂಕಿ ಕೂಡಿಸುತ್ತಾ, ಕಳೆಯುತ್ತಾ ಅಡುಗೆಕೋಣೆಗೆ ಬಂದೆ.

ಒಲೆಯ ಪಕ್ಕದ ಗೋಡೆಯಷ್ಟೂ ಹೊಸ ಸುಣ್ಣ. ಮೂಲೆಯಲ್ಲಿ ಒಂದು ಮೊಳ ಜಾಗ ಮಾತ್ರ ಹೊಗೆ ಹಿಡಿದು ಕಪ್ಪಗೆ ಹಾಗೇ ಇತ್ತು. ಅಲ್ಲಿ ಇದ್ದಿಲಿನಲ್ಲಿ ಬರೆದ ಅಂಕಿಗಳು, ಒಂದರ ಕೆಳಗೊಂದು. ೪೬+೧. ೪೪+೧. ೩೯+೧. ಹಾಗೇ ಇಳಿಯುತ್ತಾ ಇಳಿಯುತ್ತಾ ೧೨+೧. ಕೊನೆಗೆ ೯+೧.

"ನಿಮ್ಮತ್ತೆ ಬರ್ದಿದ್ದು," ಈಗಿನ ಅಡುಗೆಯಾಕೆ ಹೇಳಿದಳು. ಅತ್ತೆಗೆ ಮೊದಲು ಸಹಾಯಕ್ಕಿದ್ದವಳು ಅವಳೇ. "ವರ್ಸಾ ವರ್ಸಾ ಇಸ್ಕೂಲು ಸುರುವಾದ್ ದಿನ, ಎಷ್ಟು ಮಕ್ಳು ಅಂತ ಬರ್ದು ಅಕ್ಕಿ ಅಳ್ಯೋರು. ಸುಣ್ಣ ಹೊಡ್ಯೋರು ಬಂದಾಗ ಮೇಡಂನೋರು ಆ ಮೂಲೆ ಮುಟ್ಟಬ್ಯಾಡಿ ಅಂದ್ರು."

"ಪಕ್ಕದಲ್ಲಿ ಕೂಡಿಸು ಒಂದು ಅಂತಿದೆಯಲ್ಲ, ಅದ್ಯಾರು?"

ಅವಳು ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ನಿಮ್ಮಾವ ಕಣಕ್ಕ! ಡೈರೀಲಿ ತಂಗಳು ತಿಂತಾರೆ ಅಂತ ದಿನಾ ಒಂದು ತಟ್ಟೆ ಗ್ವಾಡೆ ದಾಟ್ಸೋರು. ಇಸ್ಕೂಲು ಸಾರು ಅಂದ್ರೆ ಆ ಹರಿಶ್ಚಂದ್ರ ಮುಟ್ತಾರಾ? ಅದ್ಕೆ ಮನೆ ಸಾರು ಅಂತ ಹೇಳೋರು. ಬದ್ಲಿಗೆ ತಮ್ಮನೆ ಸೊಪ್ಪು, ಅವರೆಕಾಯಿ ತಂದು ಇಲ್ಲಿಗೆ ಸುರಿಯೋರು ಅನ್ನಿ."

ನನಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ನೀರು ಕಂಡುಹಿಡಿಯುವ ಮಹಾನುಭಾವ ಸರ್ಕಾರದ ಸಾರನ್ನು ಅಷ್ಟು ವರ್ಷ ಮನೆಯ ಸಾರೆಂದು ಉಂಡಿದ್ದರು! ಉಂಡು, ಅದನ್ನು ಬೇಯಿಸಿದವಳಿಗೇ ಗೋಡೆಯಾಚೆಯಿಂದ ಸರ್ಕಾರದ ಸಾರನ್ನು ಬೈದಿದ್ದರು! ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ನಗುತ್ತಾ ನಗುತ್ತಾ ಆ ಕೊನೆಯ ಒಂಬತ್ತರ ಕೆಳಗಿನ ಖಾಲಿ ಜಾಗ ಕಣ್ಣಿಗೆ ಬಿತ್ತು. ಅಳು ಬಂದುಬಿಟ್ಟಿತು.

ಮಾವ ಡೈರಿಯ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಮಾಡಿ ಕಾಯುತ್ತಿದ್ದರು. ನಾನು ಬಂದರೂ ತಿರುಗಲಿಲ್ಲ. "ಎಷ್ಟು ಬಂತವ್ವ?" ಎಂದರು.

"ಟೆಸ್ಟ್ ಮಾಡೋಕಾಗ್ಲಿಲ್ಲ ಮಾವ."

"ಯಾಕೆ?"

"ನಮ್ಮನೆ ಹಾಲು."

ಮಾವ ಟವಲಿನಿಂದ ಮುಖ ಒರೆಸಿಕೊಂಡರು. "ಬದುವಿನೋನ್ನ ಕಳ್ಸಬೇಕಿತ್ತು, ನಿನ್ನ ಕಳ್ಸಿದ್ದೇ ತಪ್ಪು" ಎಂದು ಗೊಣಗಿದರು. ಆ ರಾತ್ರಿ ನಾನೂ ನನ್ನ ಗಂಡನೂ ಬಹಳ ಮಾತಾಡಿದೆವು. ಮೈದಾನ, ಕಂಪ್ಯೂಟರು ಎಲ್ಲ ತೂಗಿ ನೋಡಿದೆವು. ಮಗುವಿನ ಅಮ್ಮನ ಜ್ವರ ಕೇಳುವ ಮೇಡಂ ಅವೆಲ್ಲಕ್ಕಿಂತ ಹೆಚ್ಚು ತೂಗಿದರು. ಮಗಳ ಹೆಸರು ನಮ್ಮೂರ ಶಾಲೆಯಲ್ಲೇ ಬರೆಸಿದೆವು.

ಅಡುಗೆಕೋಣೆಯ ಗುಟ್ಟನ್ನು ನಾನು ಮಾವನಿಗೆ ಹೇಳಿರಲಿಲ್ಲ. ಹೇಳುವ ಧೈರ್ಯವಾಗಲಿಲ್ಲ. ಬೇಸಿಗೆ ರಜೆ ಕಳೆದು ಶಾಲೆ ಶುರುವಾದ ದಿನ ನನಗೆ ಕಚೇರಿ ತಪ್ಪಿಸುವಂತಿರಲಿಲ್ಲ. ಮಾವನೇ ಮಗಳ ಕೈ ಹಿಡಿದುಕೊಂಡು ಆ ಗೇಟು ದಾಟಿದರಂತೆ. ಸಂಜೆ ನಾನು ಬರುವಷ್ಟರಲ್ಲಿ ಮಗಳು ಜಗುಲಿಯ ಮೇಲೆ ಸೊಂಟದ ಮೇಲೆ ಕೈಯಿಟ್ಟು ದೂರು ಹೇಳಲು ಸಿದ್ಧಳಾಗಿ ನಿಂತಿದ್ದಳು.

"ಅಮ್ಮ, ನಾನು ಗೋಡೆ ಮೇಲೆ ಬರೆದ್ರೆ ಬೈತೀಯಲ್ಲ? ಇವತ್ತು ತಾತ ಅಡುಗೆಮನೆ ಗೋಡೆ ತುಂಬಾ ಹೊತ್ತು ನೋಡ್ತಾ ನಿಂತಿದ್ರು. ಅಡುಗೆ ಆಂಟಿನ ಏನೋ ಕೇಳಿದ್ರು. ಆಮೇಲೆ ಇದ್ದಿಲು ತಗೊಂಡು ಗೋಡೆ ಮೇಲೆ ಬರ್ದೇ ಬಿಟ್ರು! ಮೇಡಂ ಬೈಲೇ ಇಲ್ಲ!"

"ಏನು ಬರೆದ್ರೇ?"

"ಐದು, ಕೂಡಿಸು ಒಂದು ಅಂತ," ಅವಳು ಹಣೆ ಚಚ್ಚಿಕೊಂಡಳು. "ನಾವಿರೋದೇ ಐದು ಜನ ಅಮ್ಮ. ತಾತಂಗೆ ಲೆಕ್ಕ ಬರಲ್ವಾ?"